ಆಟಕ್ಕೊಂದು, ಹಕ್ಕಿಗೊಂದು: ಕ್ಯಾಮೆರಾ ಆರಿಸುವ ಮೊದಲು ಲೆನ್ಸ್ ಲೆಕ್ಕ ಹಾಕಿ

ಪ್ರಶ್ನೆ: ಸರ್, ನಮ್ಮೂರು ಬ್ರಹ್ಮಾವರದ ಹತ್ತಿರ. ನನ್ನ ಬಳಿ ನಿಕಾನ್ ಡಿ5300 ಇದೆ. ಅದರ ಜೊತೆ 18-55, 55-300 ವಿಆರ್ ಲೆನ್ಸ್‌ಗಳಿವೆ, ಭಾವ ಕೊಟ್ಟ ಹಳೆಯ 50 ಎಂಎಂ ಎಫ್ 1.8 ಡಿ ಲೆನ್ಸೂ ಇದೆ. ಹೆಚ್ಚು ತೆಗೆಯುವುದು ಯಕ್ಷಗಾನ, ಅದೂ ರಾತ್ರಿಯ ಬಯಲಾಟ. ಬಿಡುವಿದ್ದಾಗ ಗದ್ದೆ, ಹೊಳೆಬದಿಯ ಹಕ್ಕಿಗಳು. ಆಟದ, ಅಂದರೆ ಯಕ್ಷಗಾನದ, ಫೋಟೋಗಳು ಒಂದೋ ಕಾಳುಕಾಳಾಗಿ ಬರುತ್ತವೆ, ಇಲ್ಲ ಅಲುಗಿರುತ್ತವೆ. 50ರ ಲೆನ್ಸಲ್ಲಿ ಫೋಕಸ್ಸೇ ಆಗುವುದಿಲ್ಲ, ಹಾಳಾಗಿರಬೇಕು. ಕೈಯಲ್ಲಿ 1 ಲಕ್ಷದ 20 ಸಾವಿರ ಇದೆ. ಹಳೆಯದನ್ನೆಲ್ಲ ಎಕ್ಸ್‌ಚೇಂಜ್‌ಗೆ ಕೊಟ್ಟು, ಎರಡು ಲೆನ್ಸ್ ಬರುವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಕಿಟ್ ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಕ್ಯಾನನ್ ಆರ್50, ನಿಕಾನ್ ಝಡ್50-2, ಸೋನಿ ಎ6400, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಮೂರೂ ಒಳ್ಳೆಯ ಕ್ಯಾಮೆರಾಗಳೇ. ಆದರೆ ಆ ಕಿಟ್ ತಗೊಂಡರೆ ನಿಮ್ಮ ಆಟದ ಸಮಸ್ಯೆಯೂ ಬಗೆಹರಿಯುವುದಿಲ್ಲ, ಹಕ್ಕಿಯ ಸಮಸ್ಯೆಯೂ ಬಗೆಹರಿಯುವುದಿಲ್ಲ. ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದು ಗೊತ್ತಾದರೆ ಮುಂದಿನದೆಲ್ಲ ಸುಲಭ.

ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ತೂತು ದೊಡ್ಡದು, ಬೆಳಕು ಹೆಚ್ಚು. ನಿಮ್ಮ ಹತ್ತಿರ ಈಗಾಗಲೇ ಇರುವ 55-300 ಲೆನ್ಸ್ ತುದಿಯಲ್ಲಿ 300 ಎಂಎಂ, ಎಫ್ 5.6. ಆರ್50 ಕಿಟ್‌ನಲ್ಲಿ ಬರುವ ಉದ್ದದ ಲೆನ್ಸ್ 55-210, ಅದು ತುದಿಯಲ್ಲಿ ಎಫ್ 7.1. ಝಡ್50-2 ಜೊತೆ ಬರುವುದು 50-250, ತುದಿಯಲ್ಲಿ ಎಫ್ 6.3. ಸೋನಿಯದು 55-210, ಅದೂ ಎಫ್ 6.3. ಅಂದರೆ ಮೂರೂ ನಿಮ್ಮ ಹಳೆಯ ಲೆನ್ಸಿಗಿಂತ ಗಿಡ್ಡ, ಬೆಳಕು ಒಳಗೆ ಬಿಡುವುದೂ ಕಡಿಮೆ. ನೀವು ಉದ್ದದ ಲೆನ್ಸ್ ಕೊಟ್ಟು ಗಿಡ್ಡದ್ದು ತಗೊಂಡು, ಅದರ ಮೇಲೆ ಲಕ್ಷದ ಹತ್ತಿರ ದುಡ್ಡೂ ಕೊಟ್ಟ ಹಾಗಾಗುತ್ತದೆ. ಬಾಡಿ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ, ಹೊಸದು, ಫೋಕಸ್ ಚುರುಕು, ಇದೆಲ್ಲ ನಿಜ. ಆದರೆ ಮೂರನೇ ಪ್ರಸಂಗ ಶುರುವಾಗುವ ಹೊತ್ತಿಗೆ, ರಂಗಸ್ಥಳದ ಬೆಳಕು ಅಷ್ಟಕ್ಕಷ್ಟೇ ಇರುವಾಗ, ಲೆನ್ಸಿನ ತೂತು ಚಿಕ್ಕದಾಗಿದ್ದರೆ ಬಾಡಿ ಏನು ಮಾಡೀತು?

ಇನ್ನು ನಿಮ್ಮ 50 ಎಂಎಂ. ಅದು ಹಾಳಾಗಿಲ್ಲ. ಹೆಸರಿನ ಕೊನೆಯಲ್ಲಿ ಡಿ ಇದೆ ನೋಡಿ, ಆ ಜಾತಿಯ ಲೆನ್ಸ್‌ಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ಬಾಡಿಯೊಳಗಿನ ಮೋಟಾರ್ ಒಂದು ಸ್ಕ್ರೂ ತಿರುಗಿಸಿ ಲೆನ್ಸನ್ನು ಫೋಕಸ್ ಮಾಡುತ್ತದೆ. ಡಿ7200, ಡಿ750 ಥರದ ಬಾಡಿಗಳಲ್ಲಿ ಆ ಮೋಟಾರ್ ಇದೆ, ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಇಲ್ಲ. ಕೈಯಲ್ಲಿ ರಿಂಗ್ ತಿರುಗಿಸಿ ಫೋಕಸ್ ಮಾಡಿ, ವ್ಯೂಫೈಂಡರ್ ಕೆಳಗೆ ಹಸಿರು ಚುಕ್ಕಿ ಹತ್ತಿದಾಗ ಒತ್ತಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಲೆನ್ಸಿನ ತೂತಿನ ಅಳತೆ ಬದಲಿಸುವ ಅಪರ್ಚರ್ ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿರಬೇಕು, ಇಲ್ಲದಿದ್ದರೆ ಕ್ಯಾಮೆರಾ ಕೆಲಸವೇ ಮಾಡುವುದಿಲ್ಲ. ಆದರೆ ಕುಣಿಯುತ್ತಿರುವ ವೇಷವನ್ನು ಕೈಯಲ್ಲಿ ಫೋಕಸ್ ಮಾಡುವುದು ಕಷ್ಟ, ಅದು ಬೇರೆ ಮಾತು. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನಾಳೆ ನೀವು ನಿಕಾನ್ನಿನ ಮಿರರ್‌ಲೆಸ್ ಝಡ್ ಬಾಡಿಗೆ ಹೋಗಿ, ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಈ 50 ಡಿ ಆಟೋಫೋಕಸ್ ಆಗುವುದಿಲ್ಲ, ಆ ಅಡಾಪ್ಟರ್‌ನಲ್ಲೂ ಮೋಟಾರ್ ಇಲ್ಲ. ನಿಮ್ಮ 18-55 ಮತ್ತು 55-300 ಮಾತ್ರ ಎಎಫ್-ಎಸ್ ಲೆನ್ಸ್‌ಗಳು, ಮೋಟಾರ್ ಅವುಗಳೊಳಗೇ ಇದೆ, ಅಡಾಪ್ಟರ್ ಮೇಲೂ ಫೋಕಸ್ ಆಗುತ್ತವೆ. ಸೆಕೆಂಡ್ ಹ್ಯಾಂಡ್ ನಿಕಾನ್ ಲೆನ್ಸ್ ಕೊಳ್ಳುವಾಗ ಡಿ ಮತ್ತು ಎಎಫ್-ಎಸ್ ನಡುವಿನ ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಜನ ದುಡ್ಡು ಕಳೆದುಕೊಂಡಿದ್ದಾರೋ.

ಈಗ ಆಟದ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮೂರಿನ ಬಯಲಾಟದಲ್ಲಿ ನೀವು ರಂಗಸ್ಥಳದಿಂದ ಸುಮಾರು 7 ಮೀಟರ್ ದೂರ ಕೂರುತ್ತೀರಿ ಅಂದುಕೊಳ್ಳೋಣ. ಬಡಗುತಿಟ್ಟಿನವರು ಮಂಡಿ (ಮಂಡಿಯ ಮೇಲೆ ಗಿರಕಿ) ಹಾಕುವಾಗಲೋ ತೆಂಕುತಿಟ್ಟಿನವರು ದಿಗಿಣ (ಹಾರಿ ಗಿರಕಿ) ಹಾಕುವಾಗಲೋ ಅಲುಗದ ಚಿತ್ರ ಬೇಕಾದರೆ ಶಟರ್ ಕನಿಷ್ಠ 1/320 ಸೆಕೆಂಡ್ ಇರಬೇಕು, 1/500 ಆದರೆ ಇನ್ನೂ ಒಳ್ಳೆಯದು. ಎಫ್ 1.8ರಲ್ಲಿ 1/320ಕ್ಕೆ ಐಎಸ್ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಿಕೊಳ್ಳುತ್ತದೆ ಅನ್ನುವ ಸಂಖ್ಯೆ, ಏರಿಸಿದಷ್ಟೂ ಕಾಳು ಜಾಸ್ತಿ) 1600 ಸಾಕಾಗುವಷ್ಟು ಬೆಳಕಿದೆ ಅಂತಿಟ್ಟುಕೊಳ್ಳಿ. ಅದೇ ಬೆಳಕಲ್ಲಿ ನಿಮ್ಮ 55-300ನ್ನು ಗಿಡ್ಡ ತುದಿಯ ಹತ್ತಿರ, ಅಂದರೆ ಎಫ್ 4.5ರಲ್ಲಿ ಬಳಸಿದರೆ, ಐಎಸ್ಒ 10,000 ಬೇಕಾಗುತ್ತದೆ. 4.5ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: ಆರೂ ಕಾಲು ಪಟ್ಟು. ಎಫ್ 6.3ರಲ್ಲಿ ಆದರೆ 12 ಪಟ್ಟಿಗೂ ಮೇಲೆ, ಐಎಸ್ಒ 20,000ದ ಹತ್ತಿರ. ಡಿ5300ರ ಸಾಮಾನ್ಯ ಮಿತಿಯೇ 12,800. ನಿಮ್ಮ ಫೋಟೋ ಕಾಳುಕಾಳಾಗುವುದು ಇಲ್ಲೇ. ಅದನ್ನು ತಪ್ಪಿಸಲು ಶಟರ್ 1/60ಕ್ಕೆ ಇಳಿಸಿದರೆ ಕೈಕಾಲು ಅಲುಗುತ್ತವೆ. ನೀವು ಬರೆದ ಎರಡೂ ತೊಂದರೆಗಳಿಗೆ ಕಾರಣ ಇದೊಂದೇ.

ಹೊಸ ಬಾಡಿಯ ಸೆನ್ಸರ್ ಇದನ್ನು ಸರಿ ಮಾಡುವುದಿಲ್ಲವೇ ಅಂತ ಕೇಳಬಹುದು. ನಿಮ್ಮದೂ ಎಪಿಎಸ್-ಸಿ (ಸೆನ್ಸರಿನ ಒಂದು ಅಳತೆ), ಆ ಮೂರೂ ಎಪಿಎಸ್-ಸಿ. ಒಂದೇ ಅಳತೆಯ ಸೆನ್ಸರ್‌ಗಳ ನಡುವೆ ಹತ್ತು ವರ್ಷದಲ್ಲಿ ಆದ ಸುಧಾರಣೆ, ಅದೂ ರಾ (ಕ್ಯಾಮೆರಾ ತಿದ್ದದ) ಫೈಲ್‌ನಲ್ಲಿ, ಒಂದು ಸ್ಟಾಪ್, ಅಂದರೆ ಬೆಳಕಿನ ಎರಡು ಪಟ್ಟು, ಸಿಕ್ಕರೆ ದೊಡ್ಡದು. ಎಫ್ 4.5ರಿಂದ ಎಫ್ 1.8ಕ್ಕೆ ಬಂದರೆ ಎರಡೂವರೆ ಸ್ಟಾಪ್‌ಗಿಂತ ಜಾಸ್ತಿ ಸಿಗುತ್ತದೆ. ಅದಕ್ಕೆ ತಗಲುವ ಖರ್ಚು ಹೊಸ ಬಾಡಿಯ ಖರ್ಚಿಗಿಂತ ಎಷ್ಟೋ ಕಡಿಮೆ. ಬಣ್ಣದ ವೇಷದ ಮುಖದ ಮೇಲೆ ಬಿಡಿಬಿಡಿಯಾಗಿ ಇಟ್ಟ ಚುಟ್ಟಿ (ಬಿಳಿ ಚುಕ್ಕಿಗಳು), ಕೆಂಪು ಕಪ್ಪು ಗೆರೆಗಳು, ಇವೆಲ್ಲ ಐಎಸ್ಒ 10,000ದಲ್ಲಿ ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣುತ್ತವೆ, 1600ರಲ್ಲಿ ಒಂದೊಂದೂ ಎದ್ದು ಕಾಣುತ್ತದೆ. ಗಂಟೆಗಟ್ಟಲೆ ಚೌಕಿಯಲ್ಲಿ ಕೂತು ಆ ಬಣ್ಣ ಬರೆದುಕೊಂಡ ಕಲಾವಿದರಿಗೆ ನಮ್ಮ ಚಿತ್ರದಲ್ಲಿ ಅಷ್ಟಾದರೂ ನ್ಯಾಯ ಸಿಗಬೇಕು ಅನ್ನೋದು ನನ್ನ ಆಸೆ.

ಎಷ್ಟು ಎಂಎಂ ಬೇಕು? 7 ಮೀಟರ್ ದೂರದಿಂದ, ಎಪಿಎಸ್-ಸಿ ಕ್ಯಾಮೆರಾವನ್ನು ಅಡ್ಡ ಹಿಡಿದರೆ, 56 ಎಂಎಂ ಲೆನ್ಸ್‌ನಲ್ಲಿ ಎತ್ತರಕ್ಕೆ ಸುಮಾರು 2 ಮೀಟರ್, ಅಗಲಕ್ಕೆ 3 ಮೀಟರ್ ಸಿಗುತ್ತದೆ. ಕಿರೀಟ ಸಮೇತ ಒಂದು ವೇಷ, ಪಕ್ಕದಲ್ಲಿ ಇನ್ನೊಬ್ಬರಿಗೂ ಜಾಗ. 85 ಎಂಎಂನಲ್ಲಿ ಎತ್ತರ 1.3 ಮೀಟರ್ ಅಷ್ಟೇ, ಅಂದರೆ ಸೊಂಟದಿಂದ ಮೇಲೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಒಬ್ಬರು ಪೂರ್ತಿ ಬರುತ್ತಾರೆ. ಎಫ್ 1.8 ಇಟ್ಟರೆ ಫೋಕಸ್ ತೀರಾ ತೆಳುವಾಗುತ್ತದೆ ಅನ್ನುವ ಹೆದರಿಕೆ ಬೇಡ. 85ರಲ್ಲಿ ಅಷ್ಟು ದೂರಕ್ಕೆ ಹಿಂದೆ ಮುಂದೆ ಸೇರಿ ಅರ್ಧ ಮೀಟರ್‌ನಷ್ಟು ಸ್ಪಷ್ಟವಾಗಿರುತ್ತದೆ, ಒಬ್ಬ ಪಾತ್ರಧಾರಿಗೆ ಅದು ಧಾರಾಳ. ಇಬ್ಬರು ಎದುರುಬದುರು ವಾದ ಮಾಡುವ ಸನ್ನಿವೇಶದಲ್ಲಿ ಎಫ್ 2.8ಕ್ಕೆ ಏರಿಸಿಕೊಳ್ಳಿ, ಆಗ ಅವರು ಹೆಚ್ಚು ಕುಣಿಯುವುದಿಲ್ಲವಾದ್ದರಿಂದ ಶಟರ್ ಇಳಿಸಬಹುದು.

ಹಕ್ಕಿಯ ಲೆಕ್ಕ ಬೇರೆಯೇ. ಅಲ್ಲಿ ಬೆಳಗಿನ ಬೆಳಕಿದೆ, ಆದರೆ ದೂರ. ಬಿಳಿ ಎದೆಯ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂಟಿಮೀಟರ್. ಅದು 15 ಮೀಟರ್ ದೂರದ ತಂತಿಯ ಮೇಲೆ ಕೂತಿದೆ ಅನ್ನಿ. 250 ಎಂಎಂ ಲೆನ್ಸ್‌ನಲ್ಲಿ ಚಿತ್ರದ ಅಗಲದ ಐದರಲ್ಲೊಂದು ಭಾಗ ಹಕ್ಕಿ. 300ರಲ್ಲಿ ನಾಲ್ಕರಲ್ಲೊಂದಕ್ಕೆ ಹತ್ತಿರ. 400ರಲ್ಲಿ ಮೂರರಲ್ಲೊಂದು. 600ರಲ್ಲಿ ಅರ್ಧದ ಹತ್ತಿರ. ಅದಕ್ಕೇ ಹಕ್ಕಿ ಹಿಂದೆ ಬಿದ್ದವರೆಲ್ಲ ಕೊನೆಗೆ 500, 600ಕ್ಕೇ ಬಂದು ನಿಲ್ಲುವುದು. ಈ ಲೆನ್ಸ್‌ಗಳು ದುಬಾರಿ ಯಾಕೆ ಅಂದರೆ, ಎಂಎಂ ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಮುಂದಿನ ಗಾಜು ಕನಿಷ್ಠ ಎಷ್ಟು ಅಗಲ ಇರಬೇಕು ಅನ್ನುವುದು ಬರುತ್ತದೆ. 600 ಎಂಎಂ ಎಫ್ 6.3ಕ್ಕೆ 95 ಮಿಲಿಮೀಟರ್ ಗಾಜು ಬೇಕು. 400 ಎಂಎಂ ಎಫ್ 8 ಆದರೆ 50 ಮಿಲಿಮೀಟರ್ ಸಾಕು. ಗಾಜು ದೊಡ್ಡದಾದಷ್ಟೂ ತೂಕ, ಬೆಲೆ ಎರಡೂ ಏರುತ್ತವೆ. ಕ್ಯಾನನ್‌ನ ಆರ್‌ಎಫ್ 100-400 ಎಫ್ 5.6-8 ಬರೀ 635 ಗ್ರಾಂ, 2021ರಲ್ಲಿ ಬಂದಾಗ ಅಮೆರಿಕದಲ್ಲಿ 649 ಡಾಲರ್. ಸೋನಿ 200-600 ಎರಡು ಕಿಲೋ ಮೀರುತ್ತದೆ, 2019ರಲ್ಲಿ ಅದರ ಬೆಲೆ 1,998 ಡಾಲರ್. ಇಲ್ಲಿನ ಬೆಲೆ ಆಗಾಗ ಬದಲಾಗುತ್ತದೆ, ಆದರೆ ಒಂದಕ್ಕೊಂದರ ಅಂತರ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ನಿಮಗೆ ಮುಂದಿನ ಐದು ವರ್ಷದಲ್ಲಿ ನಿಜವಾಗಿ ಬೇಕಾಗುವ ಲೆನ್ಸ್ ಎರಡೇ: ಆಟಕ್ಕೆ 50ರಿಂದ 85ರೊಳಗಿನ, ಎಫ್ 1.8 ಅಥವಾ 1.4 ಇರುವ ಒಂದು ಲೆನ್ಸ್, ಹಕ್ಕಿಗೆ 400 ಅಥವಾ ಅದಕ್ಕಿಂತ ಮೇಲಿನ ಒಂದು. ಮನೆಯವರ ಫೋಟೋಗೆ ಕಿಟ್ ಲೆನ್ಸ್ ಸಾಕು. ಈ ಎರಡು ಲೆನ್ಸ್ ಯಾವ ಮೌಂಟಿನಲ್ಲಿ (ಲೆನ್ಸ್ ಬಾಡಿಗೆ ಕೂರುವ ಜೋಡಣೆ) ನಿಮ್ಮ ಕೈಗೆಟಕುವ ಬೆಲೆಗೆ, ಸೆಕೆಂಡ್ ಹ್ಯಾಂಡೂ ಸೇರಿ, ಸಿಗುತ್ತದೆ ಅಂತ ನೋಡಿ, ಆ ಮೊತ್ತಕ್ಕೆ ಬಾಡಿಯ ಬೆಲೆ ಸೇರಿಸಿ. ಆ ಒಟ್ಟು ಮೊತ್ತವೇ ಸಿಸ್ಟಂನ ನಿಜವಾದ ಬೆಲೆ. ಅಂಗಡಿಯ ಬೋರ್ಡ್ ಮೇಲೆ ಇರುವುದು ಬರೀ ಬಾಡಿಯ ಬೆಲೆ.

ಹಾಗೆ ನೋಡೋಣ.

ಸೋನಿಯ ಇ ಮೌಂಟ್ ಬಂದದ್ದು 2010ರಲ್ಲಿ. ಮರುವರ್ಷವೇ ಅದರ ಮೂಲ ವಿವರಗಳನ್ನು ಬೇರೆ ಲೆನ್ಸ್ ಕಂಪನಿಗಳಿಗೆ ಬಿಟ್ಟುಕೊಟ್ಟರು. ಅದರ ಫಲ ಇವತ್ತು ಕಾಣುತ್ತದೆ. ಸಿಗ್ಮಾ, ಟ್ಯಾಮ್ರಾನ್, ಸಾಮ್‌ಯಾಂಗ್, ವಿಲ್‌ಟ್ರಾಕ್ಸ್, ಎಲ್ಲರ ಲೆನ್ಸೂ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಕೂಡ ಬೇಕಾದಷ್ಟು. ನಿಮ್ಮ ಆಟಕ್ಕೆ ಸಿಗ್ಮಾ 56 ಎಂಎಂ ಎಫ್ 1.4 ಹೇಳಿ ಮಾಡಿಸಿದ ಹಾಗಿದೆ, ಚಿಕ್ಕದು, ಚೂಪಾದ ಚಿತ್ರ, ಬೆಲೆಯೂ ಅತಿಯಲ್ಲ. ಬೇರೆ ಕಂಪನಿ ಲೆನ್ಸ್‌ಗಳಿಗೆ ಸೆಕೆಂಡಿಗೆ 15 ಚಿತ್ರಗಳ ಮಿತಿ ಇದೆ, ಅವಕ್ಕೆ ಎಂಎಂ ಹೆಚ್ಚಿಸುವ ಟೆಲಿಕನ್ವರ್ಟರ್ ಹಾಕಲು ಬರುವುದಿಲ್ಲ ಅನ್ನುತ್ತಾರೆ. ನಿಜ, ಆದರೆ ಎ6400 ತೆಗೆಯುವುದೇ ಸೆಕೆಂಡಿಗೆ 11. ತೊಂದರೆ ಇರುವುದು ಬಾಡಿಯಲ್ಲಿ. ಎ6400 ಬಂದದ್ದು 2019ರಲ್ಲಿ, ಪ್ರಾಣಿಗಳ ಕಣ್ಣು ಹಿಡಿಯುತ್ತದೆ, ಹಕ್ಕಿಯನ್ನು ಗುರುತಿಸುವ ಸೌಲಭ್ಯ ಇಲ್ಲ. ಅದಿರುವ ಎ6700 ತಗೊಂಡರೆ ನಿಮ್ಮ ದುಡ್ಡೆಲ್ಲ ಬಾಡಿಗೇ ಹೋಗುತ್ತದೆ.

ಕ್ಯಾನನ್ ಆರ್‌ಎಫ್ 2018ರಲ್ಲಿ ಶುರುವಾಯಿತು. ತುಂಬ ವರ್ಷ ಬೇರೆಯವರ ಆಟೋಫೋಕಸ್ ಲೆನ್ಸ್‌ಗಳಿಗೆ ಬಾಗಿಲು ತೆಗೆದಿರಲಿಲ್ಲ, 2024ರಲ್ಲಿ ಎಪಿಎಸ್-ಸಿ ಲೆನ್ಸ್‌ಗಳ ಮಟ್ಟಿಗೆ ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ ಅವಕಾಶ ಕೊಟ್ಟರು. ಈಗ ಸಿಗ್ಮಾ 56 ಎಫ್ 1.4 ಇಲ್ಲೂ ಇದೆ. ಅದಕ್ಕಿಂತ ಅಗ್ಗಕ್ಕೆ ಕ್ಯಾನನ್ನಿನದೇ 50 ಎಫ್ 1.8 ಇದೆ. ಹಕ್ಕಿಗೆ ಮೇಲೆ ಹೇಳಿದ 100-400. ಬರೀ ಹೊಸ ಲೆನ್ಸ್ ಕೊಳ್ಳುತ್ತೇನೆ, ಆದಷ್ಟು ಕಡಿಮೆ ತೂಕ ಬೇಕು ಅನ್ನುವವರಿಗೆ ಆರ್50 ಜೊತೆ ಈ ಎರಡು ಲೆನ್ಸ್ ಒಳ್ಳೆಯ ಜೋಡಿ. ಆದರೆ 400ರ ತುದಿಯಲ್ಲಿ ಎಫ್ 8 ಅನ್ನುವುದು ನಮ್ಮ ಕರಾವಳಿಯ ಮೋಡದ ಬೆಳಗ್ಗೆಗೆ ಕಷ್ಟ. ತೋಟದ ನೆರಳಲ್ಲಂತೂ ಐಎಸ್ಒ ಮತ್ತೆ ಸಾವಿರಗಳಿಗೆ ಏರುತ್ತದೆ.

ನಿಕಾನ್ ಝಡ್ ಕೂಡ 2018ರದು. ಝಡ್50-2 ಬಂದದ್ದು 2024ರ ಕೊನೆಗೆ, ಹಕ್ಕಿಗೆ ಅಂತಲೇ ಬೇರೆ ಫೋಕಸ್ ಆಯ್ಕೆ ಇದೆ, ಈ ಮೂರರಲ್ಲಿ ಬಾಡಿಯಾಗಿ ನನಗೆ ಹೆಚ್ಚು ಇಷ್ಟ ಇದೇ. ಸಿಗ್ಮಾದ 16, 30, 56 ಎಫ್ 1.4 ಮೂರೂ 2023ರಿಂದ ಝಡ್‌ಗೂ ಸಿಗುತ್ತಿವೆ, ವಿಲ್‌ಟ್ರಾಕ್ಸ್ ಇದೆ, ಟ್ಯಾಮ್ರಾನ್ 150-500 ಇದೆ, ನಿಕಾನ್ನಿನದೇ 180-600 ಇದೆ. ಆದರೆ ನಿಮ್ಮ ವಿಷಯದಲ್ಲಿ ದೊಡ್ಡ ಲಾಭ ಅದಲ್ಲ. ನಿಮ್ಮ ಕೈಯಲ್ಲಿರುವ ಎಫ್ ಮೌಂಟ್ 1959ರದು, ಅದರ ಎಎಫ್-ಎಸ್ ಲೆನ್ಸ್‌ಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ರಾಶಿರಾಶಿ ಬರುತ್ತಿವೆ, ಯಾಕೆಂದರೆ ಜನ ಮಿರರ್‌ಲೆಸ್‌ಗೆ ಹೋಗುತ್ತಿದ್ದಾರೆ. ಆ ಲೆನ್ಸ್‌ಗಳು ಇವತ್ತು ನಿಮ್ಮ ಡಿ5300 ಮೇಲೂ ಕೆಲಸ ಮಾಡುತ್ತವೆ, ನಾಳೆ ಅಡಾಪ್ಟರ್ ಹಾಕಿ ಝಡ್ ಮೇಲೂ ಮಾಡುತ್ತವೆ.

ಅಡಾಪ್ಟರ್ ಬಗ್ಗೆ ಎರಡು ಮಾತು. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಕನ್ನಡಿಗೆ ಜಾಗ ಬೇಕಿತ್ತು, ಹಾಗಾಗಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್ ದೂರ ಇರುತ್ತಿತ್ತು. ನಿಕಾನ್ ಎಫ್‌ನಲ್ಲಿ ಆ ದೂರ 46.5 ಮಿಲಿಮೀಟರ್, ಝಡ್‌ನಲ್ಲಿ 16. ನಡುವೆ ಮೂವತ್ತು ಮಿಲಿಮೀಟರ್ ಉಳಿಯಿತಲ್ಲ, ಆ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಒಳಗೆ ಗಾಜು ಇಲ್ಲ, ಹಾಗಾಗಿ ಚಿತ್ರ ಕೆಡುವುದಿಲ್ಲ. ಕ್ಯಾನನ್‌ನ ಹಳೆಯ ಇಎಫ್ 44 ಮಿಲಿಮೀಟರ್, ಆರ್‌ಎಫ್ 20, ಅಲ್ಲೂ ಸಲೀಸು. ಆದರೆ ಕ್ಯಾನನ್‌ನದೇ ಇಎಫ್-ಎಂ ಅಂತ ಇನ್ನೊಂದು ಮಿರರ್‌ಲೆಸ್ ಮೌಂಟ್ ಇತ್ತು, 2012ರಲ್ಲಿ ಬಂದು 2023ರಲ್ಲಿ ನಿಂತುಹೋಯಿತು. ಅದರ ದೂರ 18 ಮಿಲಿಮೀಟರ್, ಆರ್‌ಎಫ್‌ಗಿಂತ ಕಡಿಮೆ. ಅಡಾಪ್ಟರ್‌ಗೆ ಜಾಗವೇ ಇಲ್ಲ. ಅದರ ಲೆನ್ಸ್ ಕೊಂಡವರಿಗೆ ಮುಂದಿನ ದಾರಿ ಇಲ್ಲದ ಹಾಗಾಯಿತು. ನಿಕಾನ್ 1 ಕೂಡ ಹಾಗೆ ನಿಂತಿತು, ಸಾಮ್‌ಸಂಗ್ ಎನ್ಎಕ್ಸ್ ಕೂಡ. ಅಗ್ಗಕ್ಕೆ ಸಿಗುತ್ತದೆ ಅಂತ ಇಂಥ ನಿಂತುಹೋದ ಮೌಂಟಿನ ಕ್ಯಾಮೆರಾ ಯಾರಾದರೂ ತೋರಿಸಿದರೆ ಬೇಡ ಅನ್ನಿ.

ಫ್ಯೂಜಿ ಮತ್ತು ಮೈಕ್ರೋ ಫೋರ್ ಥರ್ಡ್ಸ್ ಅನ್ನುವ ಇನ್ನೊಂದು ಬಗೆಯ ಕ್ಯಾಮೆರಾ ಬಗ್ಗೆ ನೀವು ಕೇಳಿಲ್ಲ. ಫ್ಯೂಜಿಯ ಬಣ್ಣ, ಅದರ ಚಿಕ್ಕ ಲೆನ್ಸ್‌ಗಳು ನನಗೆ ತುಂಬ ಇಷ್ಟ, ಆದರೆ ಹಾರುವ ಹಕ್ಕಿಗೆ ನಾನು ಅದನ್ನು ಆರಿಸುವುದಿಲ್ಲ. ಮೈಕ್ರೋ ಫೋರ್ ಥರ್ಡ್ಸ್ ಹಕ್ಕಿಗೆ ಹಗುರ, ರಾತ್ರಿಯ ಆಟಕ್ಕೆ ಸೆನ್ಸರ್ ಚಿಕ್ಕದಾಯಿತು.

ಈಗ ಸೌಲಭ್ಯಗಳ ವಿಷಯ. ಅಂಗಡಿಯಲ್ಲಿ ಬಾಡಿಯೊಳಗಿನ ಸ್ಟೆಬಿಲೈಸೇಶನ್ ಬಗ್ಗೆ ಜೋರಾಗಿ ಹೇಳುತ್ತಾರೆ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಪಾತ್ರಧಾರಿಯ ಕುಣಿತವನ್ನು ನಿಲ್ಲಿಸುವುದಿಲ್ಲ. 1/320ರಲ್ಲಿ ತೆಗೆಯುವವರಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ವಿಡಿಯೋ ಮಾಡುವವರಾದರೆ ಬೇಕು. ಉದ್ದದ ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇರಲಿ, ಹಕ್ಕಿಯನ್ನು ಫ್ರೇಮಿನೊಳಗೆ ನಿಲ್ಲಿಸಿಕೊಳ್ಳಲು ಅದು ನಿಜಕ್ಕೂ ಸಹಾಯ. ಮುಖ ಹಿಡಿಯುವ ಆಟೋಫೋಕಸ್ ಸ್ತ್ರೀವೇಷ, ಪುಂಡುವೇಷಗಳಿಗೆ ಚೆನ್ನಾಗಿ ನಡೆಯುತ್ತದೆ, ಆದರೆ ದಪ್ಪ ಬಣ್ಣ, ದೊಡ್ಡ ಕಿರೀಟದ ರಾಕ್ಷಸ ವೇಷ ಬಂದಾಗ ಅದನ್ನೇ ನಂಬಬೇಡಿ, ಒಂದೇ ಬಿಂದು ಇಟ್ಟುಕೊಂಡು ಕಣ್ಣಿನ ಮೇಲೆ ಹಿಡಿಯಿರಿ.

ಯಾರೂ ಹೇಳದ, ಆದರೆ ನಿಮಗೆ ಬೇಕೇ ಬೇಕಾದ ಸೌಲಭ್ಯ ಬೆಳಕಿನ ಮಿನುಗು ತಡೆಯುವುದು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಎಷ್ಟೋ ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. 1/320ರಲ್ಲಿ ತೆಗೆದಾಗ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕಾಗಿ, ಒಂದು ಹಳದಿ, ಒಂದು ನೀಲಿ ಬರುತ್ತದೆ. ಎಲೆಕ್ಟ್ರಾನಿಕ್ ಶಟರ್ ಹಾಕಿದರಂತೂ ಅಡ್ಡಡ್ಡ ಪಟ್ಟೆಗಳು. ಝಡ್50-2ರಲ್ಲಿ ಫ್ಲಿಕರ್ ತಗ್ಗಿಸುವ ಆಯ್ಕೆ ಇದೆ, ಮಿನುಗು ಏರಿದ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಎಲ್ಲ ಎಲ್ಇಡಿಗಳಿಗೂ ಇದು ನಡೆಯುವುದಿಲ್ಲ, ಆದರೆ ಟ್ಯೂಬ್‌ಲೈಟಿನ ರಂಗಸ್ಥಳದಲ್ಲಿ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ನಿಮ್ಮ ಡಿ5300ರಲ್ಲಿ ಫೋಟೋಗೆ ಆ ಆಯ್ಕೆ ಇಲ್ಲ, ಹಾಗಾಗಿ ಪಾತ್ರ ನಿಂತು ಮಾತಾಡುವಾಗ 1/100 ಇಡಿ, ಕುಣಿತಕ್ಕೆ ಮಾತ್ರ ಮೇಲೆ ಹೋಗಿ, ಒಂದರ ಬದಲು ನಾಲ್ಕು ಒತ್ತಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಬಾಡಿ ಬದಲಿಸುವುದಿಲ್ಲ, ಎಕ್ಸ್‌ಚೇಂಜ್‌ಗೂ ಕೊಡುವುದಿಲ್ಲ. ನಿಕಾನ್ ಎಎಫ್-ಎಸ್ 85 ಎಂಎಂ ಎಫ್ 1.8 ಜಿ ಅನ್ನುವ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ. 350 ಗ್ರಾಂ, ಒಳಗೇ ಮೋಟಾರ್, ಡಿ5300 ಮೇಲೆ ತಕ್ಷಣ ಕೆಲಸ ಶುರು. ಒಂದು ಸೀಸನ್ ಆಟ ಅದರಲ್ಲೇ ತೆಗೆಯಿರಿ. ಉಳಿದ ದುಡ್ಡು ಹಾಗೇ ಇರಲಿ. ಆಮೇಲೆ ಝಡ್50-2 ಬಾಡಿ ಮಾತ್ರ, ಎರಡು ಲೆನ್ಸಿನ ಕಿಟ್ ಅಲ್ಲ, ಮತ್ತೆ ಎಫ್‌ಟಿಝಡ್ ಅಡಾಪ್ಟರ್. ಅದೇ 85, ಅದೇ 55-300 ಅದರ ಮೇಲೆ ಹೋಗುತ್ತವೆ. ಹಕ್ಕಿಯ ಹುಚ್ಚು ಆಗಲೂ ಹೀಗೇ ಇದ್ದರೆ, ಎಎಫ್-ಎಸ್ 200-500 ಎಫ್ 5.6 ಸೆಕೆಂಡ್ ಹ್ಯಾಂಡ್ ನೋಡಿ. 2.3 ಕಿಲೋ ತೂಕ, ಹೊತ್ತುಕೊಂಡು ಗದ್ದೆ ಅಂಚಿನಲ್ಲಿ ನಡೆಯುವುದು ಸುಲಭ ಅಲ್ಲ, ಆದರೆ ಎಲ್ಲ ಎಂಎಂನಲ್ಲೂ ಎಫ್ 5.6, ಅದೇ ಮಿಂಚುಳ್ಳಿ ಚಿತ್ರದ ಅಗಲದ ಐದರಲ್ಲಿ ಎರಡು ಭಾಗ ತುಂಬುತ್ತದೆ. 2023ರಲ್ಲಿ ಝಡ್ 180-600 ಬಂದ ಮೇಲೆ 200-500 ಮಾರುವವರು ಹೆಚ್ಚಾಗಿದ್ದಾರೆ. ಬಾಡಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಕಾದಷ್ಟೂ ಲಾಭ. ಒಳ್ಳೆಯ ಲೆನ್ಸ್ ಸೆಕೆಂಡ್ ಹ್ಯಾಂಡ್ ಕೊಂಡರೆ ನಾಲ್ಕು ವರ್ಷ ಬಳಸಿ ಹೆಚ್ಚುಕಡಿಮೆ ಕೊಂಡ ಬೆಲೆಗೇ ಮಾರಬಹುದು.

ನಿಮ್ಮ ಹತ್ತಿರ ಹಳೆಯ ನಿಕಾನ್ ಲೆನ್ಸ್ ಒಂದೂ ಇಲ್ಲದೆ, ಶೂನ್ಯದಿಂದ ಶುರು ಮಾಡುತ್ತಿದ್ದರೆ, ಬರೀ ಆಟ ತೆಗೆಯುವವರಾಗಿದ್ದರೆ, ಸೆಕೆಂಡ್ ಹ್ಯಾಂಡ್ ಎ6400 ಮತ್ತು ಸಿಗ್ಮಾ 56 ತಗೊಳ್ಳಿ ಅನ್ನುತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ನಮ್ಮ ಕಡೆ ಮೊದಲ ಶತ್ರು ಫಂಗಸ್. ಮೇಳಗಳು ಮೇ ಕೊನೆಗೆ ತಿರುಗಾಟ ಮುಗಿಸುತ್ತವೆ, ಕ್ಯಾಮೆರಾ ಬ್ಯಾಗು ಕಪಾಟು ಸೇರುತ್ತದೆ, ಮೇಲೆ ನಾಲ್ಕು ತಿಂಗಳ ಮಳೆ. ಹೊರಗೆ ತೆಗೆಯುವ ಹೊತ್ತಿಗೆ ಗಾಜಿನೊಳಗೆ ಬೂಷ್ಟು ಬೆಳೆದಿರುತ್ತದೆ. ಕೊಳ್ಳುವ ಮೊದಲು ಮುಚ್ಚಳ ಎರಡೂ ತೆಗೆದು, ಲೆನ್ಸಿನ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕಿ ಇದ್ದರೆ ಪರವಾಗಿಲ್ಲ. ಎಳೆ ಎಳೆಯಾಗಿ, ಬೇರು ಬಿಟ್ಟ ಹಾಗೆ ಅಥವಾ ಮಂಜು ಕವಿದ ಹಾಗೆ ಕಂಡರೆ ಎಷ್ಟೇ ಅಗ್ಗ ಇರಲಿ ಬೇಡ. ಮುಂದಿನ ಗಾಜಿನ ಮೇಲೆ ಸಣ್ಣ ಗೀರು ಇದ್ದರೆ ಚಿತ್ರಕ್ಕೆ ಅಷ್ಟು ತೊಂದರೆ ಇಲ್ಲ, ಹಿಂದಿನ ಗಾಜಿನ ಮೇಲಿನ ಗೀರು ಹೆಚ್ಚು ಕೆಟ್ಟದು. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿಡ್ಡು ಇದೆಯಾ ನೋಡಿ. ನಿಮ್ಮ ಬಾಡಿ ಜೊತೆಗೇ ತಗೊಂಡು ಹೋಗಿ, ಹತ್ತಿರಕ್ಕೆ ದೂರಕ್ಕೆ ನಾಲ್ಕು ಸಲ ಫೋಕಸ್ ಮಾಡಿ, ಮೋಟಾರ್ ಕಿರುಗುಟ್ಟಬಾರದು, ನಡುವೆ ನಿಲ್ಲಬಾರದು. ಬಿಲ್ಲು ಕೇಳಿ. ಹೊಸದೇ ಕೊಳ್ಳುವುದಾದರೆ ಭಾರತದ ವಾರಂಟಿ ಕಾರ್ಡ್ ಇದೆಯಾ ಅಂತ ನೋಡಿ, ಕಂಪನಿಯ ಅಧಿಕೃತ ದಾರಿ ಬಿಟ್ಟು ಬಂದ ಗ್ರೇ ಮಾರ್ಕೆಟ್ ಮಾಲು ಅಗ್ಗ ಇರುತ್ತದೆ, ರಿಪೇರಿಗೆ ಹೋದಾಗ ಯಾರೂ ಕೇಳುವುದಿಲ್ಲ. ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೊಂದು ಚಿಕ್ಕ ತೇವಾಂಶ ಮಾಪಕ. ಮುಳ್ಳು 40 ಮತ್ತು 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ಬಟ್ಟೆಯ ಕ್ಯಾಮೆರಾ ಬ್ಯಾಗಿನಲ್ಲಿ ಮಾತ್ರ ಮಳೆಗಾಲ ಕಳೆಯಬೇಡಿ.

ಕೊನೆಗೆ, 85 ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕಳೆದ ಸೀಸನ್ನಿನ ಆಟದ ಫೋಟೋಗಳನ್ನು ಕಂಪ್ಯೂಟರ್‌ನಲ್ಲಿ ತೆರೆದು, ನಿಮಗೆ ಇಷ್ಟವಾದವುಗಳನ್ನು ಮಾತ್ರ ಆರಿಸಿ, ಒಂದೊಂದರ ವಿವರದಲ್ಲಿ ಎಷ್ಟು ಎಂಎಂ ಅಂತ ಬರೆದುಕೊಳ್ಳಿ. 55-300 ಲೆನ್ಸ್ ಹಾಕಿಕೊಂಡಿದ್ದರೂ ಹೆಚ್ಚಿನವರು ಎರಡು ಮೂರು ಎಂಎಂ ಸಂಖ್ಯೆಗಳ ಆಸುಪಾಸಿನಲ್ಲೇ ತೆಗೆದಿರುತ್ತಾರೆ. 70ರಿಂದ 100ರ ನಡುವೆ ಜಾಸ್ತಿ ಇದ್ದರೆ 85 ಸರಿ. ಬಹುಪಾಲು 55ರಲ್ಲೇ ಇದ್ದರೆ, ನೀವು ರಂಗಸ್ಥಳಕ್ಕೆ ಹತ್ತಿರ ಕೂರುವವರು, ಆಗ ಎಎಫ್-ಎಸ್ 50 ಎಂಎಂ ಎಫ್ 1.8 ಜಿ ಸಾಕು, ಬೆಲೆ ಇನ್ನೂ ಕಡಿಮೆ. ಎಲ್ಲವೂ 150ರ ಮೇಲಿದ್ದರೆ ಯಾವುದನ್ನೂ ಕೊಳ್ಳದೆ ನನಗೆ ಮತ್ತೊಮ್ಮೆ ಬರೆಯಿರಿ, ಜೊತೆಗೆ ನೀವು ಎಲ್ಲಿ ಕೂರುತ್ತೀರಿ ಅನ್ನುವುದನ್ನೂ ತಿಳಿಸಿ. ಆಗ ಲೆಕ್ಕ ಬೇರೆಯಾಗುತ್ತದೆ.